ಸೆರಗು ತಿರುಗಿಸಿ ನೋಡಿ

ಕಸೂತಿ ಸೀರೆ ಕೈಗೆ ಸಿಕ್ಕರೆ ಮೊದಲು ಮಾಡಬೇಕಾದ ಕೆಲಸ ಒಂದೇ. ಸೆರಗು ತಿರುಗಿಸಿ ಹಿಂಬದಿ ನೋಡೋದು. ಬಣ್ಣ, ಅಂಚು, ರೇಟು ಎಲ್ಲ ಆಮೇಲೆ. ಮುಂದೆ ತೇರು ಇದ್ದರೆ ಹಿಂದೆಯೂ ಅದೇ ತೇರು ಕಾಣಬೇಕು. ಎಲ್ಲೂ ಗಂಟು ಇರಬಾರದು, ದಾರದ ಬಾಲ ಜೋತಾಡಬಾರದು. ಹಿಂದೆ ಬಿಳಿ ಪೇಪರಿನಂಥದ್ದು ಅಂಟಿಕೊಂಡಿದ್ದರೆ, ಬೇರೆ ಬಣ್ಣದ ದಾರ ಗೋಜಲಾಗಿ ಓಡಾಡಿದ್ದರೆ ಅದು ಮಷೀನ್ ಎಂಬ್ರಾಯ್ಡರಿ. ಹಿಂದೆ ಹೊಲಿಗೆಯ ಗುರುತೇ ಇಲ್ಲ ಅಂದ್ರೆ ಪ್ರಿಂಟು.

ಈ ಪಾಠ ಹೇಳಿಕೊಟ್ಟಿದ್ದು ಧಾರವಾಡದ ನಮ್ಮ ಚಿಗವ್ವ, ಅಂದ್ರೆ ಅವ್ವನ ತಂಗಿ. ಅವಳು ಹೇಳಿದ್ದು ಇನ್ನೂ ಚುಟುಕಾಗಿತ್ತು. "ಹಿಂದ ನೋಡವಾ. ಮುಂದ ಎಲ್ಲಾರೂ ಛಲೋನ ಕಾಣ್ತಾರ."

ಬೆಂಗಳೂರಲ್ಲಿ ಕಸೂತಿ ಅಂದ್ರೆ ಯಾವುದೇ ಎಂಬ್ರಾಯ್ಡರಿ. ಪುಸ್ತಕದ ಕನ್ನಡದಲ್ಲೂ ಹಾಗೇ ಆಗಿಬಿಟ್ಟಿದೆ, ಲಖನೌದ ಚಿಕನ್ ಕೆಲಸವೂ ಕಸೂತಿ, ಕಾಶ್ಮೀರದ ಶಾಲಿನ ಮೇಲಿರೋದೂ ಕಸೂತಿ. ಆದರೆ ಹುಬ್ಬಳ್ಳಿ-ಧಾರವಾಡದ ಕಡೆ ಹಳೆ ಹೆಂಗಸರ ಹತ್ತಿರ ಈ ಪದಕ್ಕೆ ಒಂದೇ ಅರ್ಥ. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಏನೂ ಬರೆದುಕೊಳ್ಳದೆ, ಅಚ್ಚು ಒತ್ತದೆ, ನೇಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿ ಹಾಕುವ ಹೊಲಿಗೆ ಅದು. ಅದರಲ್ಲಿ ನಾಲ್ಕೇ ಬಗೆ: ಗಾವಂತಿ, ಮುರಗಿ, ನೇಗಿ, ಮೆಂತಿ. ಗೆರೆ ಎಳೆದ ಹಾಗೆ ಕಾಣುವುದು ಗಾವಂತಿ. ಮೆಟ್ಟಿಲು ಮೆಟ್ಟಿಲಾಗಿ ತಿರುಗುತ್ತಾ ಹೋಗೋದು ಮುರಗಿ. ಮಗ್ಗದಲ್ಲೇ ನೇಯ್ದು ತೆಗೆದಂತೆ ಕಾಣೋದು ನೇಗಿ. ಅಡ್ಡ-ಉದ್ದ ದಾಟಿಸಿ ಹಾಕುವ ದಪ್ಪ ಹೊಲಿಗೆ ಮೆಂತಿ. ಮುಂದೂ ಹಿಂದೂ ಥೇಟ್ ಒಂದೇ ಥರ ಬರೋದು ಗಾವಂತಿ ಮತ್ತು ಮುರಗಿಯಲ್ಲಿ. ಉಳಿದೆರಡರ ಹಿಂಬದಿ ಬೇರೆಯಾಗಿ ಕಾಣುತ್ತೆ, ಆದರೆ ಗಂಟು ಅಲ್ಲೂ ಇರಲ್ಲ.

ಇದನ್ನು ಹಾಕುತ್ತಿದ್ದುದು ಮುಖ್ಯವಾಗಿ ಇಳಕಲ್ ಸೀರೆಯ ಮೇಲೆ. ಸೆರಗಿನ ತೆನಿ ಶುರುವಾಗುವಲ್ಲಿ ದೊಡ್ಡ ದೊಡ್ಡ ಚಿತ್ರ: ಗೋಪುರ, ತೇರು, ಅಂಬಾರಿ ಹೊತ್ತ ಆನೆ, ತುಳಸಿಕಟ್ಟೆ. ಅಲ್ಲಿಂದ ಮೈಗೆ ಇಳಿದ ಹಾಗೆ ಸಣ್ಣವಾಗುತ್ತಾ ಹೋಗಿ ಗಿಳಿ, ನಕ್ಷತ್ರ, ಹೂವು. ತೊಟ್ಟಿಲು ಇರುತ್ತೆ, ದೀಪದ ಕಂಬ ಇರುತ್ತೆ, ನಂದಿ ಇರುತ್ತೆ. ಕಪ್ಪು ನೆಲದ ಚಂದ್ರಕಾಳಿ ಸೀರೆಯ ಮೇಲೆ ಕೆಂಪು, ಕೇಸರಿ, ಹಸಿರು, ಬಿಳಿ ದಾರದಲ್ಲಿ ಇಷ್ಟೆಲ್ಲ ಮೂಡಿದ್ದನ್ನು ನೋಡಿದರೆ ಜಾತ್ರೆಗೆ ಹೊರಟ ಊರನ್ನೇ ಯಾರೋ ಮಡಚಿ ಹೆಗಲ ಮೇಲೆ ಹಾಕಿಕೊಂಡಂತೆ ಅನಿಸುತ್ತೆ.

ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕ ಯಾಕೆ ಇರಬೇಕು? ನಮ್ಮ ಕಡೆ ತಲೆ ಮೇಲೆ ಸೆರಗು ಹೊದ್ದುಕೊಂಡು ಓಡಾಡೋ ಹೆಂಗಸರನ್ನು ನೋಡಿದರೆ ಉತ್ತರ ಸಿಗುತ್ತೆ. ಗಾಳಿಗೆ ಸೆರಗು ಮಗುಚುತ್ತೆ, ಹೊದ್ದಾಗ ಒಳಮೈ ಹೊರಗೆ ಬರುತ್ತೆ. ಸೆರಗಿಗೆ ಎರಡೂ ಕಡೆ ಮುಖ ಇರುತ್ತೆ.

ಈಗ ಸ್ವಲ್ಪ ದೂರ ಹೋಗೋಣ. ನಮ್ಮ ತಲೆಮಾರಿನ ಐಟಿ ಜನಕ್ಕೆ ಊರೂರು ಸುತ್ತಿ 'ಲೋಕಲ್ ಕಲ್ಚರ್' ನೋಡೋ ಹುಚ್ಚು ಜಾಸ್ತಿ. ಬಾಲಿಗೆ ಹೋದರೆ ಬಾಟಿಕ್ ಕ್ಲಾಸು, ಜಪಾನಿಗೆ ಹೋದರೆ ಕುಂಬಾರಿಕೆ ಕ್ಲಾಸು, ಜೈಪುರಕ್ಕೆ ಹೋದರೆ ಬ್ಲಾಕ್ ಪ್ರಿಂಟಿಂಗು. ಎರಡು ತಾಸು ಕೈಗೆ ಬಣ್ಣ ಮೆತ್ತಿಕೊಂಡು, ಒಂದು ಕರವಸ್ತ್ರ ಮಾಡಿ, ಫೋಟೋ ಹಾಕಿ, ಏರ್‌ಪೋರ್ಟಿಗೆ ಓಡೋದು. ಇದರಲ್ಲಿ ತಪ್ಪೇನೂ ಇಲ್ಲ. ನನಗೂ ಇಷ್ಟ. ಆಫೀಸಿನ ಕೆಲಸಕ್ಕೆ ಎರಡು ವಾರ ವಿಯೆನ್ನಾಕ್ಕೆ ಹೋದಾಗ ವೀಕೆಂಡ್ ಪೂರ್ತಿ ಮ್ಯೂಸಿಯಂ ಸುತ್ತಿದ್ದೆ. ಅಲ್ಲಿನ ದೊಡ್ಡ ಮ್ಯೂಸಿಯಂ, ಕುನ್ಸ್ಟ್‌ಹಿಸ್ಟೋರಿಶಸ್, ಹೆಸರು ಹೇಳೋಷ್ಟರಲ್ಲಿ ಟಿಕೆಟ್ಟಿನ ಕ್ಯೂ ಮುಗಿದಿರುತ್ತೆ. ಅದರಲ್ಲಿ ಹಾನ್ಸ್ ಹೋಲ್ಬೈನ್ ಬರೆದ ಒಂದು ಚಿತ್ರ ಇದೆ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಮೂರನೇ ಹೆಂಡತಿ ಜೇನ್ ಸೀಮೋರಳ ಚಿತ್ರ, 1536ರ ಆಸುಪಾಸಿನದು. ರಾಣಿ ಕೆಂಪು ನಿಲುವಂಗಿ ಹಾಕಿಕೊಂಡು, ಕೈ ಕಟ್ಟಿಕೊಂಡು, ತುಟಿ ಬಿಗಿದು ನಿಂತಿದ್ದಾಳೆ. ಜನ ಅವಳ ಮುಖ ನೋಡ್ತಿದ್ದರು, ಒಡವೆ ನೋಡ್ತಿದ್ದರು. ನನ್ನ ಕಣ್ಣು ಹೋಗಿದ್ದು ಅವಳ ತೋಳಿನ ತುದಿಗೆ. ಬಿಳಿ ಬಟ್ಟೆಯ ಪಟ್ಟಿ, ಅದರ ಮೇಲೆ ಕಪ್ಪು ದಾರದಲ್ಲಿ ಒಂದೊಂದೇ ಎಳೆ ಲೆಕ್ಕ ಹಾಕಿ ಹೊಲಿದಂಥ ಗೆರೆಗಳು.

ಫೋಟೋ ತೆಗೆದು, ತೋಳಿನಷ್ಟೇ ಜೂಮ್ ಮಾಡಿ, ಚಿಗವ್ವನಿಗೆ ವಾಟ್ಸಾಪ್ ಮಾಡಿದೆ. ಧಾರವಾಡದಲ್ಲಿ ಆಗ ಸಂಜೆ. ಐದೇ ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು. "ಇದು ಗಾವಂತಿ ಇದ್ದಂಗ ಐತಲ್ಲಬೇ. ಯಾರು ಹಾಕ್ಯಾರ?"

ಮೊದಲ ಮಾತಿಗೆ ಪುರಾವೆ ಆಮೇಲೆ ಸಿಕ್ಕಿತು. ಆ ಕಾಲದ ಇಂಗ್ಲೆಂಡಿನಲ್ಲಿ ಬಿಳಿ ಲಿನನ್ ಮೇಲೆ ಕಪ್ಪು ರೇಷ್ಮೆ ದಾರದ ಈ ಕೆಲಸಕ್ಕೆ ಬ್ಲ್ಯಾಕ್‌ವರ್ಕ್ ಅಂತ ಹೆಸರು. ತೋಳಿನ ತುದಿಯ ನಿರಿಗೆ ಮಗುಚಿದಾಗ ಎರಡೂ ಕಡೆ ಕಾಣಬೇಕಲ್ಲ, ಅದಕ್ಕೆ ಮುಂದೂ ಹಿಂದೂ ಒಂದೇ ಥರ ಬರೋ ಹೊಲಿಗೆಯನ್ನು ಅವರೂ ಬಳಸುತ್ತಿದ್ದರು. ನಮ್ಮ ಸೆರಗಿಗೂ ಆ ರಾಣಿಯ ತೋಳಿಗೂ ಒಂದೇ ಸಮಸ್ಯೆ, ಒಂದೇ ಪರಿಹಾರ. ಯಾರಿಂದ ಯಾರು ಕಲಿತರು ಅಂತ ಜಗಳ ಹೂಡುವುದು ಬೇಡ. ಸೂಜಿ ಹಿಡಿದ ಎರಡು ಊರಿನ ಹೆಂಗಸರು ಒಂದೇ ಲೆಕ್ಕ ಬಿಡಿಸಿದರು ಅಂದುಕೊಂಡರೆ ಸಾಕು.

ಲೆಕ್ಕ ಅಂತ ಸುಮ್ಮನೆ ಹೇಳ್ತಿಲ್ಲ. ಗಾವಂತಿ ಹಾಕುವುದು ಹೀಗೆ. ಸೂಜಿ ಮುಂದೆ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಮೇಲೆ ಒಂದು ಗೆರೆ, ಪಕ್ಕದಲ್ಲಿ ಅಷ್ಟೇ ಉದ್ದದ ಖಾಲಿ ಜಾಗ. ವಾಪಸ್ ಬರುವಾಗ ಆ ಖಾಲಿ ಜಾಗಗಳನ್ನೆಲ್ಲ ತುಂಬಿಕೊಂಡು ಬರಬೇಕು. ಎರಡು ಸುತ್ತು ಮುಗಿದಾಗ ಗೆರೆ ಎರಡೂ ಕಡೆ ಪೂರ್ತಿ. ನೇರ ಗೆರೆಗೆ ಇದು ಸುಲಭ. ತೇರಿಗೆ ಕಳಸ ಇದೆ, ಬಾವುಟ ಇದೆ, ಚಕ್ರ ಇದೆ, ಹಗ್ಗ ಇದೆ. ಒಂದು ಕವಲಿಗೆ ಹೊರಳಿದರೆ ಅದರ ತುದಿ ಮುಟ್ಟಿ, ಹೋದ ದಾರಿಯಲ್ಲೇ ಹಿಂದಿರುಗಿ, ಕವಲೊಡೆದ ಜಾಗಕ್ಕೆ ಬಂದು, ನಂತರವೇ ಮುಂದಿನ ಕವಲು ಹಿಡಿಯಬೇಕು. ಎಲ್ಲಿಯೂ ಒಂದು ಎಳೆ ತಪ್ಪದೆ, ಶುರು ಮಾಡಿದ ಕಡೆಗೇ ಮರಳಿ ಬರಬೇಕು. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಇದು ಗೊತ್ತಿರುವ ಕಥೆಯೇ. ಡೆಪ್ತ್ ಫಸ್ಟ್ ಸರ್ಚ್ ಅಂತ ಮೂರನೇ ಸೆಮಿಸ್ಟರಿನಲ್ಲಿ ಬೋರ್ಡಿನ ಮೇಲೆ ಬರೆಸಿದ್ದರು. ಚಿಗವ್ವ ಅದನ್ನೇ ತಲೆಯಲ್ಲಿ ಇಟ್ಟುಕೊಂಡು, ಬಾಯಲ್ಲಿ ಪಕ್ಕದ ಮನೆಯ ಸುದ್ದಿ ಮಾತಾಡ್ತಾ, ಕೈಯಲ್ಲಿ ಮಾಡ್ತಾಳೆ.

ಈಗ ಚಿಗವ್ವನ ಎರಡನೇ ಮಾತು. "ಯಾರು ಹಾಕ್ಯಾರ?"

ಚಿತ್ರದ ಪಕ್ಕದ ಫಲಕದಲ್ಲಿ ಕಲಾವಿದನ ಹೆಸರಿತ್ತು, ರಾಣಿಯ ಹೆಸರಿತ್ತು, ಮರದ ಹಲಗೆಯ ಮೇಲೆ ಬರೆದದ್ದು ಅಂತಲೂ ಇತ್ತು. ತೋಳಿನ ಪಟ್ಟಿಗೆ ಹೊಲಿಗೆ ಹಾಕಿದವಳ ಹೆಸರಿರಲಿಲ್ಲ. ಇನ್ನೊಂದು ತಮಾಷೆ ಕೇಳಿ. ಇಂಗ್ಲಿಷಿನಲ್ಲಿ ಈ ಹೊಲಿಗೆಗೆ ಏನಂತಾರೆ ಗೊತ್ತಾ? ಹೋಲ್ಬೈನ್ ಸ್ಟಿಚ್. ಕುಂಚ ಹಿಡಿದ ಗಂಡಸು ತನ್ನ ಚಿತ್ರಗಳಲ್ಲಿ ಅದನ್ನು ಅಷ್ಟು ಚೆನ್ನಾಗಿ ಬರೆದ ಅಂತ, ಸೂಜಿ ಹಿಡಿದ ಹೆಂಗಸರ ಹೊಲಿಗೆಗೆ ಅವನ ಹೆಸರು. ಇದನ್ನು ಹೇಳಿದಾಗ ಚಿಗವ್ವ ನಕ್ಕಳು. "ಹಂಗಾರ ನಮ್ಮ ಸೀರಿ ಫೋಟೋ ತಗದಾಂವನ ಹೆಸರು ನಮ್ಮ ಹೊಲಿಗಿಗೆ ಇಟ್ಟಂಗ ಆತು."

ನಾವೇನು ಕಡಿಮೆ? ಹುಬ್ಬಳ್ಳಿ-ಧಾರವಾಡ ಕಲಾವಿದರನ್ನು ಮರೆಯೋ ಊರಲ್ಲ. ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ಅವರ ಮನೆ 'ಗಂಗಾಲಹರಿ', ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರ ಅವರ ಮನೆ 'ಮೃತ್ಯುಂಜಯ' ಇವತ್ತಿಗೂ ನೋಡಬಹುದಾದ ಸ್ಮಾರಕಗಳು. 2014ರಲ್ಲಿ ಅಂಚೆ ಇಲಾಖೆ ದೇಶದ ಸಂಗೀತಗಾರರ ಅಂಚೆಚೀಟಿಗಳನ್ನು ತಂದಾಗ ಅವರಿಬ್ಬರೂ ಅದರಲ್ಲಿದ್ದರು, ಗದಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿಯವರೂ ಇದ್ದರು. ಆಟೋದವರನ್ನು ಕೇಳಿದರೂ ಐದು ಗಾಯಕರ ಹೆಸರು ಹೇಳ್ತಾರೆ. ಅದು ಈ ಊರಿನ ದೊಡ್ಡ ಗುಣ. ಅದೇ ಊರಲ್ಲಿ ನಿಂತು, ಕಸೂತಿ ಹಾಕೋ ಒಬ್ಬರ ಹೆಸರು ಹೇಳಿ ನೋಡೋಣ ಅಂತ ಕೇಳಿ. ನಿಮ್ಮ ಓಣಿಯ ಯಾವುದೋ ಅಜ್ಜಿಯ ನೆನಪಾಗಬಹುದು, ಅಷ್ಟೇ. ಹಾಡು ಸಭೆಯಲ್ಲಿ ಹುಟ್ಟುತ್ತೆ, ಹಾಡಿದವರು ಎದುರಿಗೆ ಕೂತಿರ್ತಾರೆ. ಕಸೂತಿ ಹಿತ್ತಲ ಬಾಗಿಲ ಹತ್ತಿರ, ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಹುಟ್ಟುತ್ತೆ. ಅದನ್ನು ನೋಡುವ ಹೊತ್ತಿಗೆ ಹಾಕಿದವಳು ಅಲ್ಲಿರಲ್ಲ.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಹುಬ್ಬಳ್ಳಿಯ ಸಿಬಿಟಿಯಲ್ಲಿ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಚಿಗವ್ವನ ಮನೆಗೆ ಹೋಗಿದ್ದೆ. ಉಣಕಲ್, ನವನಗರ, ಸತ್ತೂರು ದಾಟಿ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಎಸಿ ಬಸ್ಸಿನಲ್ಲಿ ಒಂದು ನಿದ್ದೆಗೂ ಸಾಲಲ್ಲ. ಅವಳು ಬಾಗಿಲ ಹೊಸ್ತಿಲ ಪಕ್ಕ ಚಾಪೆ ಹಾಸಿ, ಚಾಳೀಸು ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದಳು. ಕಪ್ಪು ಸೀರೆ. ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸೋದು ಎಷ್ಟು ಕಷ್ಟ ಅಂತ ಗೊತ್ತಾಗಬೇಕಿದ್ದರೆ ನಿಮ್ಮ ಕಪ್ಪು ಟೀಶರ್ಟ್ ಕಣ್ಣಿನ ಹತ್ತಿರ ಹಿಡಿದು ಹತ್ತು ಎಳೆ ಎಣಿಸಿ ನೋಡಿ. ನುಣುಪು ರೇಷ್ಮೆಯಾದರೆ ಎಳೆ ಕಾಣುವುದೇ ಇಲ್ಲ. ಆಗ ಮೇಲೆ ಜಾಳಿಯಂಥ ಬಟ್ಟೆ ಕಟ್ಟಿ, ಅದರ ಕಣ್ಣುಗಳನ್ನು ಎಣಿಸಿ ಹೊಲಿದು, ಆಮೇಲೆ ಆ ಜಾಳಿಯ ದಾರಗಳನ್ನು ಒಂದೊಂದಾಗಿ ಎಳೆದು ತೆಗೀತಾರೆ. ಟ್ಯೂಬ್‌ಲೈಟಿನ ಬೆಳಕಲ್ಲಿ ಚಿಗವ್ವ ಸೂಜಿ ಮುಟ್ಟಲ್ಲ. ಊಟದ ಪಾತ್ರೆ ಮುಗಿದ ಮೇಲೆ ಶುರು, ನಾಲ್ಕೂವರೆಗೆ ಬಂದ್. ದಿನಕ್ಕೆ ಹೆಚ್ಚಂದ್ರೆ ಮೂರು ತಾಸು.

ಆ ಸೀರೆ ಅವಳದಲ್ಲ. ಒಬ್ಬ ಮನುಷ್ಯ ಬಂದು ಸೀರೆ, ದಾರದ ಲಡಿ, ಚಿತ್ರದ ಜೆರಾಕ್ಸ್ ಕೊಟ್ಟು ಹೋಗ್ತಾನೆ, ಮುಗಿದ ಮೇಲೆ ತಗೊಂಡು ಹೋಗ್ತಾನೆ. ನಾನು ನೌಕರಿಯ ಚಟಕ್ಕೆ ಫೋನಿನಲ್ಲಿ ಒಂದು ಎಕ್ಸೆಲ್ ಶೀಟು ತೆರೆದೆ. ಅವಳ ಗೋಡೆಯ ಕ್ಯಾಲೆಂಡರಿನಲ್ಲಿ ಹೊಲಿಗೆಗೆ ಕೂತ ದಿನಗಳಿಗೆಲ್ಲ ಗುರುತು ಇತ್ತು. ಹಿಂದಿನ ಸೀರೆಗೆ 52 ದಿನ. ದಿನಕ್ಕೆ ಮೂರು ತಾಸು ಅಂದ್ರೆ 156 ತಾಸು. ಕೈಗೆ ಬಂದಿದ್ದು 4,000 ರೂಪಾಯಿ. ತಾಸಿಗೆ 26 ರೂಪಾಯಿಗೂ ಕಡಿಮೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಅಂಥದ್ದೇ ಸೀರೆಗೆ 18,500ರ ಚೀಟಿ ನೋಡಿದ್ದೆ. ಚೀಟಿಯ ಮೇಲೆ 'ಅಪ್ಪಟ ಪರಂಪರೆ' ಅಂತ ಬರೆದಿತ್ತು. ಅಂಗಡಿಯವರಿಗೂ ಬಾಡಿಗೆ ಇದೆ, ಸೀರೆಯ ನೇಕಾರರಿಗೆ ಕೊಡಬೇಕು, ಮಾರಾಟವಾಗದೆ ಉಳಿದ ಮಾಲಿನ ನಷ್ಟ ಇದೆ, ಇದೆಲ್ಲ ನನಗೂ ಅರ್ಥ ಆಗುತ್ತೆ. ಆದರೂ ಆ ಪರಂಪರೆ ಅನ್ನೋ ಪದದ ಬೆಲೆ ಯಾರ ಜೇಬಿಗೆ ಹೋಗ್ತಿದೆ ಅಂತ ಲೆಕ್ಕ ಹಾಕಿದರೆ ಹೊಸ್ತಿಲ ಪಕ್ಕದ ಚಾಪೆಯವರೆಗೆ ಅದು ಬರ್ತಿಲ್ಲ.

"ಚಿಗವ್ವಾ, ನನಗೂ ಕಲಸು" ಅಂದೆ.

"ಯಾಕ? ನಿನಗ ಕಣ್ಣು ಜಾಸ್ತಿ ಆಗ್ಯಾವೇನು?"

"ಕಲೆ ಉಳೀಬೇಕಲ್ಲಬೇ."

ಅವಳು ಸೂಜಿ ಕೆಳಗಿಟ್ಟಳು. ಸಿಟ್ಟೇನೂ ಇರಲಿಲ್ಲ, ನಿಧಾನಕ್ಕೇ ಹೇಳಿದಳು. "ನಾ ಯಾಕ ಕಲಿತೆ ಗೊತ್ತೈತೇನು? ಕನ್ಯಾ ನೋಡಾಕ ಬಂದವರು ಹುಡುಗಿಗೆ ಹಾಡು ಬರ್ತೈತೇನು, ಕಸೂತಿ ಬರ್ತೈತೇನು ಅಂತ ಕೇಳತಿದ್ರು. ನನಗ ಹಾಡಾಕ ಬರತಿದ್ದಿಲ್ಲ. ನಮ್ಮವ್ವ ಇದನ್ನ ಕಲಿಸಿದ್ಲು. ಎಸ್‌ಎಸ್‌ಎಲ್‌ಸಿ ಆದ ಮ್ಯಾಗ ಕಾಲೇಜಿಗೆ ಹೋಗ್ತೀನಿ ಅಂದ್ರ ಬ್ಯಾಡ ಅಂದ್ರು, ಮನ್ಯಾಗ ಕುಂತು ಸೂಜಿ ಹಿಡಿ ಅಂದ್ರು. ಈಗ ನನ್ನ ಮಗಳು ನರ್ಸ್ ಆಗ್ಯಾಳ. ಆಕಿನೂ ಸೂಜಿ ಹಿಡೀತಾಳ, ಆದ್ರ ಆಕಿ ಸೂಜಿಗೆ ತಿಂಗಳಾ ಪಗಾರ ಬರ್ತೈತಿ. ಆಕಿಗೆ ಒಂದು ಗಾವಂತಿನೂ ಬರಂಗಿಲ್ಲ. ನನಗ ಅದರಾಗ ಬ್ಯಾಸರ ಏನೂ ಇಲ್ಲ."

ಈ ಮಾತು ಕಸೂತಿಯ ಬಗ್ಗೆ ಬರೆಯೋ ಲೇಖನಗಳಲ್ಲಿ ಬರಲ್ಲ. ಅಲ್ಲಿ ಯಾವಾಗಲೂ ಕಲೆ ನಶಿಸುತ್ತಿರುತ್ತೆ, ಹೊಸ ಪೀಳಿಗೆಗೆ ಆಸಕ್ತಿ ಇರಲ್ಲ, ನಾವೆಲ್ಲ ಉಳಿಸಬೇಕಿರುತ್ತೆ. ಉಳಿಸಬೇಕಾದ ವಸ್ತು ಒಬ್ಬ ಹುಡುಗಿಯ ಕಾಲೇಜನ್ನು ತಿಂದು ಬೆಳೆದಿರಬಹುದು ಅನ್ನೋದು ಸೆರಗಿನ ಮುಂಬದಿಯಲ್ಲಿ ಕಾಣಲ್ಲ. ಅವಳ ಮಗಳಿಗೆ ಅದು ಬರದೇ ಇರೋದು ಮನೆಯವರ ಪಾಲಿಗೆ ಒಂದು ಗೆಲುವು. ಆ ಗೆಲುವನ್ನು 'ಪರಂಪರೆಯ ನಷ್ಟ' ಅಂತ ಬರೆಯೋಕೆ ನನ್ನ ಕೈ ಏಳಲ್ಲ.

ಹಾಗಂತ ಚಿಗವ್ವನಿಗೆ ಕಸೂತಿ ಬೇಡವಾಗಿದೆ ಅಂದುಕೊಳ್ಳಬೇಡಿ. ಅವಳ ಟ್ರಂಕಿನಲ್ಲಿ ಒಂದು ಇಳಕಲ್ ಸೀರೆ ಇದೆ, ಮಗಳ ಕುಬಸಕ್ಕೆ ಅಂತ ತಾನೇ ಹಾಕಿದ್ದು. ತೊಟ್ಟಿಲು, ಅದರ ಮೇಲೆ ಎರಡು ಗಿಳಿ. ಅದನ್ನು ಹಾಕುವಾಗ ಯಾರೂ ಗಡುವು ಕೊಟ್ಟಿರಲಿಲ್ಲ. ಅದನ್ನು ಬಿಚ್ಚಿ ತೋರಿಸುವಾಗ ಅವಳ ಮುಖ ನೋಡಬೇಕು. ಒಂದು ಗಿಳಿಯ ಕೊಕ್ಕು ಬಿಚ್ಚಿ ಬಿಚ್ಚಿ ನಾಲ್ಕು ಸಲ ಹಾಕಿದ್ದನ್ನು ಅರ್ಧ ತಾಸು ಹೇಳಿದಳು. ಅದೇ ಕೈ, ಅದೇ ಸೂಜಿ. ಒಂದನ್ನು ತನಗಾಗಿ ಮಾಡ್ತಾಳೆ, ಇನ್ನೊಂದನ್ನು ತಾಸಿಗೆ 26 ರೂಪಾಯಿಗೆ ಮಾಡ್ತಾಳೆ.

ದೇಶ ಬೇರೆ ಆದರೂ ಇದು ಹೀಗೇ ಇರುತ್ತೆ. ಪ್ಯಾಲೆಸ್ಟೀನಿನ ಹೆಂಗಸರದು ತತ್ರೀಜ್ ಅನ್ನೋ ಹೊಲಿಗೆ. ಬಹುತೇಕ ನಮ್ಮ ಮೆಂತಿಯ ಹಾಗೇ ಅಡ್ಡಡ್ಡ ದಾಟಿಸಿ ಹಾಕೋದು. ಉಡುಪಿನ ಎದೆಯ ಮೇಲಿನ ಚಿತ್ರ, ಬಣ್ಣ ನೋಡಿ ಆಕೆ ಯಾವ ಸೀಮೆಯವಳು ಅಂತ ಹೇಳಬಹುದಿತ್ತು. 1948ರಲ್ಲಿ ಊರು ಬಿಟ್ಟು ಓಡಬೇಕಾದವರು ನಿರಾಶ್ರಿತರ ಶಿಬಿರಗಳಲ್ಲಿ ಅದೇ ಹೊಲಿಗೆಯನ್ನು ಹೊಟ್ಟೆಪಾಡಿಗೂ ಹಿಡಿದರು. 2021ರಲ್ಲಿ ಯುನೆಸ್ಕೋ ಅದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಕಸೂತಿಗೂ ಜಿಐ ಟ್ಯಾಗ್ ಇದೆ, ಇಳಕಲ್ ಸೀರೆಗೂ ಇದೆ, ಧಾರವಾಡ ಪೇಢಾಕ್ಕೂ ಇದೆ. ಇವೆಲ್ಲ ಬೇಕು. ಬೇರೆ ಕಡೆಯ ನಕಲು ಮಾಲಿಗೆ ಈ ಹೆಸರು ಅಂಟಿಸೋದನ್ನು ತಡೆಯೋಕೆ ಕಾನೂನಿನ ಬಲ ಸಿಗುತ್ತೆ. ಆದರೆ ಟ್ಯಾಗು ಹೆಸರನ್ನು ಕಾಯುತ್ತೆ, ಕೂಲಿಯನ್ನು ಕಾಯಲ್ಲ. ಕೂಲಿಯ ಮಾತು ಕೊಳ್ಳುವವರ ಮತ್ತು ಮಾರುವವರ ನಡುವೆಯೇ ಇತ್ಯರ್ಥ ಆಗಬೇಕು, ಅಂದ್ರೆ ಅದರಲ್ಲಿ ನಾವೂ ಇದ್ದೀವಿ.

ಹುಬ್ಬಳ್ಳಿ-ಧಾರವಾಡಕ್ಕೆ ಬರೋರಿಗೆ ನನ್ನ ಕೈಲಾದ ಗೈಡು ಇಷ್ಟು. ಚಿಗರಿ ಹತ್ತಿ, ಲೈನ್ ಬಜಾರಿನ ಪೇಢಾ ತಿನ್ನಿ, ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ನೋಡಿ. ಕಸೂತಿ ಕೊಳ್ಳೋ ಮನಸ್ಸಾದರೆ ತಿರುಗಿಸಿ ನೋಡಿ. ಆಮೇಲೆ ಚಿಗವ್ವ ರಾಣಿಯ ಬಗ್ಗೆ ಕೇಳಿದ ಪ್ರಶ್ನೆಯನ್ನೇ ಅಂಗಡಿಯವರಿಗೂ ಕೇಳಿ: ಇದನ್ನ ಯಾರು ಹಾಕಿದ್ದು? ಎಷ್ಟು ದಿನ ಹಿಡೀತು? ಹತ್ತರಲ್ಲಿ ಒಂಬತ್ತು ಕಡೆ ಉತ್ತರ ಸಿಗಲಿಕ್ಕಿಲ್ಲ. ಗಿರಾಕಿಗಳು ಕೇಳ್ತಾನೇ ಇದ್ದರೆ ಅಂಗಡಿಯವರೂ ತಮಗೆ ಮಾಲು ಕೊಡುವವರನ್ನು ಕೇಳೋಕೆ ಶುರು ಮಾಡ್ತಾರೆ. ಉತ್ತರ ಸಿಕ್ಕ ಕಡೆ ಚೌಕಾಶಿ ಮಾಡಬೇಡಿ. ಇಡೀ ಸೀರೆ ಕೊಳ್ಳೋ ತಾಕತ್ತು ಇಲ್ಲ ಅಂದ್ರೆ ಕುಬಸದ ಕಣಕ್ಕೋ, ಕುರ್ತಾದ ಕುತ್ತಿಗೆಗೋ ಒಂದೇ ಸಾಲು ಹಾಕಿಸಿಕೊಳ್ಳಿ, ಕೈಕೆಲಸದ ಸಾಲು. ನಾಳೆಯೇ ಬೇಕು ಅನ್ನಬೇಡಿ. ಮೋಡ ಮುಸುಕಿದ ದಿನ ಧಾರವಾಡದಲ್ಲಿ ಎಳೆ ಕಾಣಲ್ಲ, ಮಳೆಗಾಲದಲ್ಲಿ ಅಂಥ ದಿನಗಳೇ ಜಾಸ್ತಿ.

ನನ್ನ ಕಲಿಕೆಯ ವಿಷಯ ಏನಾಯ್ತು ಅಂತ ಹೇಳಿ ಮುಗಿಸ್ತೀನಿ. ಚಹಾ ಕುಡಿದಾದ ಮೇಲೆ ಚಿಗವ್ವ ತಾನಾಗೇ ಮಾತು ತೆಗೆದಳು. "ಬೆಂಗಳೂರಾಗ ಜುಂಬಾ ಕ್ಲಾಸಿಗೆ ಎಷ್ಟು ಕೊಡ್ತಿ?" ಹೇಳಿದೆ. "ಮತ್ತ ನನಗ್ಯಾಕ ಪುಕ್ಕಟೆ ಕಲಸು ಅಂತಿ?" ನ್ಯಾಯವಾದ ಪ್ರಶ್ನೆ. ತಲೆಗೆ ತಿಂಗಳಿಗೆ 1,500 ಅಂತ ಅವಳೇ ನಿಗದಿ ಮಾಡಿದಳು. ನಮ್ಮ ಟೀಮಿನ ಐದು ಜನ ಸೇರಿದ್ವಿ, ಅದರಲ್ಲಿ ಇಬ್ಬರು ಗಂಡಸರು, ಒಬ್ಬಳು ಮಲಯಾಳಿ. ಶನಿವಾರ ಹನ್ನೊಂದರಿಂದ ಹನ್ನೆರಡೂವರೆ, ಯಾಕಂದ್ರೆ ಅವಳ ಮನೆಯಲ್ಲಿ ಆಗ ಬೆಳಕು ಚೆನ್ನಾಗಿರುತ್ತೆ. ಫೋನನ್ನು ಅವಲಕ್ಕಿ ಡಬ್ಬಿಗೆ ಆನಿಸಿ ಇಡ್ತಾಳೆ. ಮೊದಲ ತಿಂಗಳು ಪೂರ್ತಿ ಮ್ಯಾಟಿ ಬಟ್ಟೆಯ ಮೇಲೆ ಬರೀ ಗಾವಂತಿ. ನಾವು ಖುಷಿಯಿಂದ ಹೊಲಿಗೆಯನ್ನು ಕ್ಯಾಮೆರಾಕ್ಕೆ ಹಿಡಿದರೆ ಅವಳು ಹೇಳೋದು ಒಂದೇ ಮಾತು, "ಹಿಂದ ತೋರಸ್ರಿ." ಮಲಯಾಳಿ ಹುಡುಗಿಗೆ ಈಗ ಆ ಎರಡು ಪದ ಅಪ್ಪಟ ಧಾರವಾಡದವರ ಹಾಗೇ ಬರುತ್ತೆ.

ಇಲ್ಲಿ ಅವಳ ಹೆಸರು ಬರೀತೀನಿ ಅಂದಿದ್ದೆ. ಇಷ್ಟೆಲ್ಲ ಹೆಸರಿನ ಬಗ್ಗೆ ಕೊರೆದ ಮೇಲೆ ಬರೆಯದಿದ್ದರೆ ಹೇಗೆ ಅಂತ. ಅವಳೇ ಬೇಡ ಅಂದಳು. "ಹೆಸರು ಹಾಕಿದ್ರ ಬೀಗರೆಲ್ಲಾ ಪುಕ್ಕಟೆ ಸೀರಿ ಕೇಳಾಕ ಬರ್ತಾರ. ಸೀರಿ ಮ್ಯಾಗ ಹಾಕ್ತೀನಿ ಬಿಡು." ಹಾಗೇ ಮಾಡಿದ್ದಾಳೆ. ಈಗ ಸ್ವಂತ ಗಿರಾಕಿಗೆ ಹಾಕಿದ ಸೀರೆಯ ಸೆರಗಿನ ಮೂಲೆಯಲ್ಲಿ, ತೆನಿಯ ಪಕ್ಕ, ಅವಳ ಹೆಸರಿನ ಮೊದಲ ಅಕ್ಷರ ಇರುತ್ತೆ. ಎರಡು ಸೀರೆಗೆ ಆಗಲೇ ಹಾಕಿದ್ದಾಳೆ.

ಕಳೆದ ತಿಂಗಳು ಆ ಜೆರಾಕ್ಸ್ ಕೊಡೋ ಮನುಷ್ಯ ಬಂದಿದ್ದನಂತೆ. ಚಿಗವ್ವ ಎಕ್ಸೆಲ್ ಶೀಟನ್ನು ಮಗಳ ಕೈಲಿ ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದಳು. ಹಳೇ ರೇಟಿಗೆ ಹಾಕಂಗಿಲ್ಲ, ಡಬಲ್ ಆದ್ರ ಹಾಕ್ತೀನಿ ಅಂತ ಹೇಳಿ ಅದನ್ನು ತೋರಿಸಿದಳು. ಅವನು ನೋಡಿ, ವಿಚಾರ ಮಾಡ್ತೀನಿ ಅಂತ ಸೀರೆ ವಾಪಸ್ ಬ್ಯಾಗಿಗೆ ಹಾಕಿಕೊಂಡು ಹೋದ. ಮೂರು ವಾರ ಆಯ್ತು, ಇನ್ನೂ ಬಂದಿಲ್ಲ. ಅವನು ಬೇರೆ ಓಣಿಯಲ್ಲಿ ಇನ್ನೊಬ್ಬಳನ್ನು ಹುಡುಕಿರಬಹುದು, ಅವಳಿಗೂ ಅದೇ 4,000ಕ್ಕೆ ಕೊಟ್ಟಿರಬಹುದು. ಚಿಗವ್ವನಿಗೂ ಅದು ಗೊತ್ತು. "ನೋಡೂಣು" ಅಂತಾಳೆ.

ಶನಿವಾರದ ಕ್ಲಾಸಿಗೆ ಮಾತ್ರ ಇನ್ನಿಬ್ಬರು ಸೇರಿದ್ದಾರೆ. ಮುಂದಿನ ವಾರದಿಂದ ಮುರಗಿ.